ಸುಮ್ನೆ ನಡೆಯೋಕೂ ಕಾರಣ ಬೇಕಾ?

ಪ್ರಶ್ನೆ: ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರು. ಮದುವೆಯಾಗಿದ್ದು ಮಾಗಡಿ ಕಡೆಯ ಹಳ್ಳಿಗೆ. ರಜೆಗೆ ಊರಿಗೆ ಹೋದಾಗ ಬೆಳಿಗ್ಗೆ ಎದ್ದು ಏಳೆಂಟು ಕಿಲೋಮೀಟರ್ ನಡೆದು ಬರೋದು ನನಗೆ ತುಂಬಾ ಇಷ್ಟ. ಆದರೆ ಸಿಕ್ಕಿದವರೆಲ್ಲ ಬೈಕ್ ನಿಲ್ಲಿಸಿ ‘ಹತ್ತಮ್ಮ, ಬಿಡ್ತೀನಿ’ ಅನ್ನುತ್ತಾರೆ. ಬೇಡ ಅಂದರೆ ಸಂಜೆಯೊಳಗೆ ‘ನಿಮ್ಮ ಸೊಸೆ ಮುನಿಸಿಕೊಂಡು ಹೊರಟಿದ್ಲಂತೆ’ ಅಂತ ಅತ್ತೆಗೆ ಸುದ್ದಿ ಮುಟ್ಟಿರುತ್ತೆ. ಏನು ಮಾಡಲಿ?
– ಓದುಗಿ, ಬೆಂಗಳೂರು

ಉತ್ತರ: ಕ್ಷಮಿಸಿ, ಓದಿ ಜೋರಾಗಿ ನಕ್ಕೆ. ನನಗೂ ಆಗಿದೆ ಇದು. ನಮ್ಮ ಕಡೆ ಕಾಲ್ನಡಿಗೆಗೆ ಎರಡೇ ಕಾರಣ. ಒಂದು ಕಷ್ಟ, ಇನ್ನೊಂದು ದೇವರು. ಶಿವರಾತ್ರಿ ಹತ್ತಿರ ಬಂದಾಗ ಸಾವಿರಾರು ಜನ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರಲ್ವಾ, ಅವರಿಗೆ ಯಾರೂ ‘ಬೈಕ್ ಹತ್ತಿ’ ಅನ್ನುವುದಿಲ್ಲ, ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಹರಕೆಯೂ ಇಲ್ಲ, ಬಸ್ಸೂ ತಪ್ಪಿಲ್ಲ, ಸುಮ್ನೆ ನಡೀತಿದೀನಿ ಅಂದರೆ ನಂಬುವುದು ಹೇಗೆ?

ನಾನು ಒಂದು ಸಲ ‘ಶುಗರ್ ಇದೆ, ಡಾಕ್ಟರ್ ನಡೀರಿ ಅಂದಿದಾರೆ’ ಅಂತ ಸುಳ್ಳು ಹೇಳಿದೆ. ಕೆಲಸ ಆಯಿತು. ಆದರೆ ಮರುದಿನದಿಂದ ಕಂಡವರೆಲ್ಲ ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ಅಂತ ಶುರು ಮಾಡಿದರು, ಒಬ್ಬ ಯಜಮಾನರಂತೂ ಅಮೃತಬಳ್ಳಿ ಕಿತ್ತುಕೊಂಡು ಬಂದು ಬೇಲಿ ಹತ್ತಿರ ಕಾಯುತ್ತಾ ನಿಂತಿದ್ದರು. ಆ ದಾರಿಯನ್ನೇ ಬಿಡಬೇಕಾಯಿತು.

ಆಮೇಲೆ ಗೊತ್ತಾಗಿದ್ದು ಇಷ್ಟು. ಬೈಕ್ ನಿಲ್ಲಿಸುವವರಿಗೆ ನಿಮ್ಮನ್ನು ಹತ್ತಿಸಿಕೊಳ್ಳುವ ಆಸೆ ಜಾಸ್ತಿ ಏನಿರುವುದಿಲ್ಲ, ನೀವು ಯಾರ ಮನೆಯವರು ಅಂತ ತಿಳಿಯಬೇಕು ಅಷ್ಟೇ. ಹಾಗಾಗಿ ಕೈ ಆಡಿಸಿ ‘ಬೇಡ ಬೇಡ’ ಅಂತ ಮುಂದೆ ಹೋಗಬೇಡಿ. ನಿಲ್ಲಿ. ಮಾವನವರ ಹೆಸರು ಹೇಳಿ. ‘ಓ, ಅವರ ಸೊಸೆನಾ!’ ಅಂತ ಎರಡು ಮಾತಾಡಿ ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ನಾಲ್ಕು ದಿನ ಹೀಗೆ ಮಾಡಿದರೆ ನೀವೂ ಹಾಲಿನ ವ್ಯಾನ್ ಥರ ಆ ರಸ್ತೆಯ ಒಂದು ಭಾಗ. ಬರದಿದ್ದ ದಿನ ‘ಯಾಕೆ ಇವತ್ತು ಕಾಣ್ಲಿಲ್ಲ?’ ಅಂತ ಕೇಳುತ್ತಾರೆ. ಹೊರಡುವ ಮುಂಚೆ ಅತ್ತೆಗೆ ಯಾವ ಕಡೆ ಹೋಗ್ತೀನಿ ಅಂತ ಹೇಳಿ ಹೋಗಿ, ಸುದ್ದಿ ಮೊದಲು ನಿಮ್ಮಿಂದಲೇ ಮುಟ್ಟಲಿ. ಇನ್ನೂ ಒಳ್ಳೆಯದು, ಒಂದು ದಿನ ಅವರನ್ನೇ ಕರೆದುಕೊಂಡು ಹೋಗಿ. ನಿಮಗಿಂತ ಬೇಗ ನಡೆದಾರು.

ಮಾಗಡಿ ಕಡೆಯವರು ಅಂದಿರಿ, ಹಾಗಾದರೆ ಹುಲಿಕಲ್‌ನಿಂದ ಕುದೂರಿಗೆ ನಡೆದಿದ್ದೀರಾ? ಸಾಲುಮರದ ತಿಮ್ಮಕ್ಕ, ಅವರ ಯಜಮಾನರು ಚಿಕ್ಕಯ್ಯ ಸೇರಿ ಬೆಳೆಸಿದ 385 ಆಲದ ಮರ ಅಂತ ಎಲ್ಲರೂ ಓದಿರುತ್ತೀರಿ. ಕಾರಿನಲ್ಲಿ ಹೋದರೆ ಐದೇ ನಿಮಿಷ, ‘ಓ, ನೆರಳು’ ಅನ್ನುವಷ್ಟರಲ್ಲಿ ಮುಗಿಯುತ್ತೆ. ನಡೆದು ನೋಡಿ. ಒಂದು ಮರದಿಂದ ಮುಂದಿನ ಮರಕ್ಕೆ ಹೋಗಲು ಎಷ್ಟು ಹೆಜ್ಜೆ ಬೇಕು ಅಂತ ಎಣಿಸಿದಾಗಲೇ, ಆ ಇಬ್ಬರು ಸಸಿಗಳಿಗೆ ನೀರು ಹೊತ್ತುಕೊಂಡು ಎಷ್ಟು ನಡೆದಿರಬೇಕು ಅನ್ನುವುದು ಕಾಲಿಗೆ ಗೊತ್ತಾಗುತ್ತೆ. ಹಣ್ಣು ಬಿಟ್ಟಾಗ ಟಾರಿನ ಮೇಲೆಲ್ಲ ಕೆಂಪು ಗೋಲಿ, ಕಾಲಿಟ್ಟರೆ ಪಚ್ ಅನ್ನುತ್ತೆ. ಮೇಲೆ ಹಕ್ಕಿಗಳ ಸಂತೆ. 2019ರಲ್ಲಿ ರಸ್ತೆ ಅಗಲ ಮಾಡಲು ಈ ಮರಗಳನ್ನು ಕಡಿಯುವ ಮಾತು ಬಂದಿತ್ತು, ಅಜ್ಜಿ ನೇರ ಮುಖ್ಯಮಂತ್ರಿಗಳನ್ನೇ ಕೇಳಿಕೊಂಡರು. 2025ರ ನವೆಂಬರ್‌ನಲ್ಲಿ ಅಜ್ಜಿ ತೀರಿಕೊಂಡರು, ಮರಗಳು ಅಲ್ಲೇ ಇವೆ. ಒಂದು ಮಾತು, ಈಗ ಅದು ಖಾಲಿ ರಸ್ತೆಯಲ್ಲ, ಗಾಡಿ ಓಡಾಟ ಇದೆ. ಬೆಳಕು ಹರಿಯುತ್ತಿದ್ದಂತೆ ಹೋಗಿ.

ನಿಜವಾಗಿ ನಿಶ್ಶಬ್ದ ಬೇಕಾದರೆ ಊರಿಂದೂರಿಗೆ ಹೋಗುವ ಸಣ್ಣ ರಸ್ತೆ ಹಿಡಿಯಿರಿ. ಕಿತ್ತಳೆ ಬಣ್ಣದ ಮೈಲಿಗಲ್ಲು ಕಂಡರೆ ಅದು ಗ್ರಾಮ ಸಡಕ್ ರಸ್ತೆ, ಲಾರಿ ಕಾಟ ಕಡಿಮೆ. ಕಾಲ ಯಾವುದು ಅಂದರೆ ನಾನು ಕಣ್ಣು ಮುಚ್ಚಿ ಡಿಸೆಂಬರ್, ಜನವರಿ ಅನ್ನುತ್ತೇನೆ. ಇಬ್ಬನಿಯಲ್ಲಿ ಅವರೆ ಹೊಲದ ಸೊಗಡು ರಸ್ತೆವರೆಗೂ ಬರುತ್ತೆ, ಗಿಡ ಸವರಿದರೆ ಕೈಯೆಲ್ಲ ಅಂಟು. ರಾಗಿ ತೆನೆಯನ್ನು ರಸ್ತೆಗೇ ಹರಡಿರುತ್ತಾರೆ, ಗಾಡಿ ಚಕ್ರವೇ ಒಕ್ಕಣೆ ಮಾಡಲಿ ಅಂತ. ಬೈಕಿನವರಿಗೆ ಅದು ಅಪಾಯ, ಹುರುಳಿ ಆದರಂತೂ ಜಾರಿ ಬೀಳುತ್ತಾರೆ. ನಡೆಯುವವರಿಗೆ ಹಬ್ಬ. ನಾನು ತುಳಿಯಬಾರದು ಅಂತ ಪಕ್ಕಕ್ಕೆ ಇಳಿದರೆ, ಮೊರ ಹಿಡಿದಿದ್ದ ಅಜ್ಜಿ ‘ಮ್ಯಾಲೇ ನಡಿಯಪ್ಪ, ಅಷ್ಟು ಉದುರ್ಲಿ’ ಅಂದರು. ಜೀವನದಲ್ಲಿ ನಾನು ಮಾಡಿದ ಒಂದೇ ಒಕ್ಕಣೆ ಅದು.

ಪ್ರಶ್ನೆ: ದೂರ ನಡೆಯಲು ದುಬಾರಿ ಶೂ ಬೇಕೇ ಬೇಕಾ? ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ.
– ಓದುಗ, ತುಮಕೂರು

ಉತ್ತರ: ಬೇಡ. ಹಳೇ ಶೂ ಸಾಕು, ಹೊಸದು ಹಾಕಿಕೊಂಡು ದೂರ ಹೊರಟಿದ್ದೇ ತಪ್ಪು. ಹಿಮ್ಮಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಕಾಲುಚೀಲ ಹಾಕಿ. ಬೊಬ್ಬೆ ಒಡೆಯಬೇಡಿ. ರಸ್ತೆಯ ಬಲಬದಿಗೆ ನಡೆಯಿರಿ, ಎದುರಿಂದ ಬರುವ ಗಾಡಿ ಕಾಣುತ್ತೆ. ಟಾರಿಗಿಂತ ಪಕ್ಕದ ಮಣ್ಣು ಮಂಡಿಗೆ ಹಿತ.

ಪ್ರಶ್ನೆ: ಎಲ್ಲಾ ಸರಿ ಸ್ವಾಮಿ, ನಾಯಿಗಳಿಗೆ ಏನು ಮಾಡೋದು?
– ಓದುಗ, ಹಾಸನ

ಉತ್ತರ: ಓಡಬೇಡಿ. ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗಿ, ಅಲ್ಲಿ ಕಲ್ಲು ಇಲ್ಲದಿದ್ದರೂ ಪರವಾಗಿಲ್ಲ, ಸಾಮಾನ್ಯವಾಗಿ ಹಿಂದೆ ಸರಿಯುತ್ತವೆ. ಮರಿ ಹಾಕಿರುವ ನಾಯಿಯಾದರೆ ಮಾತ್ರ ದೂರದಿಂದಲೇ ಸುತ್ತಿಕೊಂಡು ಹೋಗಿ. ಉಳಿದವು ಬೊಗಳುತ್ತಾ ಊರ ಎಲ್ಲೆವರೆಗೆ ಬಂದು ನಿಂತುಬಿಡುತ್ತವೆ, ಮುಂದಿನದು ಪಕ್ಕದೂರಿನ ನಾಯಿಗಳ ಕೆಲಸ.