ಮ್ಯಾಸಿಡೋನಿಯವನ್ನು ಸೋಲಿಸಿದ ರೋಮ್ ಗ್ರೀಕ್ ನಗರಗಳನ್ನು ಸ್ವತಂತ್ರವೆಂದು ಸಾರಿದ್ದೇಕೆ?

ಗ್ರೀಸನ್ನು ನೇರವಾಗಿ ಆಳುವುದಕ್ಕಿಂತ ಅದನ್ನು ಋಣದಲ್ಲಿ ಇರಿಸಿಕೊಳ್ಳುವುದು ರೋಮ್‌ಗೆ ಹೆಚ್ಚು ಅನುಕೂಲಕರವಾಗಿತ್ತು; ಕ್ರಿ.ಪೂ. 196ರ ಘೋಷಣೆಗೆ ಮುಖ್ಯ ಕಾರಣ ಇದೇ.

ಹಿಂದಿನ ವರ್ಷ ಕೈನೊಸ್ಕೆಫಲೆಯ ಗುಡ್ಡಗಳಲ್ಲಿ ಮ್ಯಾಸಿಡೋನಿಯದ ದೊರೆ ಐದನೆಯ ಫಿಲಿಪ್‌ನನ್ನು ಸೋಲಿಸಿದ್ದ ರೋಮನ್ ಸೇನಾಪತಿ ಫ್ಲಮಿನಿನಸ್, ಕಾರಿಂತ್ ಬಳಿಯ ಇಸ್ತ್ಮಿಯನ್ ಕ್ರೀಡಾಕೂಟದಲ್ಲಿ, ಫಿಲಿಪ್‌ನ ಹಿಡಿತದಲ್ಲಿದ್ದ ಗ್ರೀಕರು ಇನ್ನು ಕಾವಲು ಪಡೆಯಾಗಲಿ ಕಪ್ಪಕಾಣಿಕೆಯಾಗಲಿ ಇಲ್ಲದೆ ತಮ್ಮದೇ ಕಾನೂನಿನಂತೆ ಬಾಳಬಹುದೆಂದು ಸಾರಿಸಿದನು. ನೆರೆದವರಿಗೆ ತಮ್ಮ ಕಿವಿಯನ್ನೇ ನಂಬಲಾಗದೆ, ಸಾರುವವನು ಅದನ್ನು ಮತ್ತೊಮ್ಮೆ ಹೇಳಬೇಕಾಯಿತು. ಆಗ ಎದ್ದ ಜಯಘೋಷಕ್ಕೆ ಮೇಲೆ ಹಾರುತ್ತಿದ್ದ ಕಾಗೆಗಳು ಕೆಳಗೆ ಬಿದ್ದವೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.

ಆದರೆ 'ಸ್ವಾತಂತ್ರ್ಯ'ವೆಂಬ ಮಾತನ್ನು ಎರಡೂ ಕಡೆಯವರು ಒಂದೇ ಅರ್ಥದಲ್ಲಿ ಗ್ರಹಿಸಲಿಲ್ಲ. ರೋಮನ್ ಸಮಾಜದಲ್ಲಿ ಉಪಕಾರ ಪಡೆದ ಆಶ್ರಿತನು ತನ್ನ ಆಶ್ರಯದಾತನಿಗೆ ನಿಷ್ಠನಾಗಿರಬೇಕಿತ್ತು. ಬಿಡುಗಡೆ ಪಡೆದ ನಗರಗಳಿಂದಲೂ ರೋಮ್ ಅಂಥ ನಿಷ್ಠೆಯನ್ನೇ ಬಯಸಿತು. ಗ್ರೀಕರಿಗಾದರೋ ಸ್ವಾತಂತ್ರ್ಯವೆಂದರೆ ಯುದ್ಧ, ಮೈತ್ರಿಗಳನ್ನೂ ತಾವೇ ನಿರ್ಧರಿಸುವ ಹಕ್ಕು. ಇದರ ಜೊತೆಗೆ ಪೂರ್ವದಿಂದ ಸಿರಿಯದ ದೊರೆ ಮೂರನೆಯ ಆಂಟಿಯೋಕಸ್ ಮುಂದೊತ್ತಿ ಬರುತ್ತಿದ್ದುದರಿಂದ, ಗ್ರೀಕರ ವಿಮೋಚಕನೆಂಬ ಹೆಸರು ಅವನ ಪಾಲಾಗದಂತೆ ನೋಡಿಕೊಳ್ಳುವುದೂ ಅಗತ್ಯವಾಗಿತ್ತು.

ಈ ಘೋಷಣೆಯನ್ನು ಬರೀ ವಂಚನೆಯೆನ್ನುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಕ್ರಿ.ಪೂ. 194ರಲ್ಲಿ ರೋಮನ್ ಸೇನೆ ನಿಜಕ್ಕೂ ಗ್ರೀಸನ್ನು ತೊರೆಯಿತು. ಆದರೂ ಅರ್ಥಭೇದ ಉಳಿದೇ ಇತ್ತು. ದಕ್ಷಿಣ ಗ್ರೀಸಿನ ನಗರಗಳ ಕೂಟವಾದ ಅಕೀಯನ್ ಒಕ್ಕೂಟವು ರೋಮಿನ ಮಾತನ್ನು ಮೀರಿ ಯುದ್ಧಕ್ಕಿಳಿದಾಗ, ಕ್ರಿ.ಪೂ. 146ರಲ್ಲಿ, ಆ ಘೋಷಣೆ ಮೊಳಗಿದ್ದ ಬಯಲಿಗೆ ಸಮೀಪದಲ್ಲೇ ಇದ್ದ ಕಾರಿಂತನ್ನು ರೋಮನ್ನರು ಸುಟ್ಟು ನೆಲಸಮ ಮಾಡಿದರು.