ನಿಮ್ಮ ಲೇಖನದಲ್ಲಿ ಕ್ಯಾಲೆಂಡರ್ ಎಲ್ಲಿ ಹೋಯಿತು?

ನಮಸ್ಕಾರ.

ಮನೆಯ ತೊಟ್ಟಿಯಲ್ಲಿ ಸಾಕುವ ಹವಳಗಳನ್ನು ಕಾಡುವ ಪೀಡೆಗಳ ಬಗ್ಗೆ ನೀವು ಬರೆದ 'ಹವಳದ ಹಗೆಗಳು' ಲೇಖನ ತಲುಪಿತು. ಎರಡು ಸಲ ಓದಿದೆ. ಸುತ್ತಿಬಳಸದೆ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಲೇಖನದ ಜೊತೆ ಒಂದು ಪುಟದ ಪತ್ರ ಬರೆದಿದ್ದಿರಲ್ಲ, ಅದನ್ನು ಮೂರು ಸಲ ಓದಿದೆ. ಪಕ್ಕದ ಮೇಜಿನವರನ್ನು ಕರೆದು ಜೋರಾಗಿ ಓದಿಯೂ ಹೇಳಿದೆ. ಈ ಉದ್ದದ ಉತ್ತರ ಆ ಪತ್ರಕ್ಕೆ.

ಮೊದಲು ಲೇಖನ. ಅದು ಶುರುವಾಗುವುದು ಹೀಗೆ: "ಸಾಗರವು ಪ್ರಕೃತಿಯ ಅನಂತ ವಿಸ್ಮಯಗಳ ಆಗರವಾಗಿದೆ." ಆಮೇಲೆ ನಾಲ್ಕು ಪ್ಯಾರಾ ಸಾಗರ, ಹವಳದ ದಿಬ್ಬ, ಭೂಮಿಯ ಬಿಸಿ, ಮನುಷ್ಯನ ದುರಾಸೆ. ನ್ಯೂಜೆರ್ಸಿಯ ನಿಮ್ಮ ಮನೆಯ ನೆಲಮಾಳಿಗೆಗೆ, ಅಲ್ಲಿರುವ 75 ಗ್ಯಾಲನ್ ತೊಟ್ಟಿಗೆ ನೀವು ಇಳಿಯುವುದು ಐದನೇ ಪ್ಯಾರಾದಲ್ಲಿ. ಅಷ್ಟು ಹೊತ್ತಿಗೆ ನನ್ನ ಓದುಗರು ಎದ್ದು ಕಾಫಿಗೆ ಹೋಗಿರುತ್ತಾರೆ. ಅಂದಹಾಗೆ 75 ಗ್ಯಾಲನ್ ಅಂದರೆ ಇಲ್ಲಿ ಯಾರಿಗೂ ಅಂದಾಜು ಸಿಗುವುದಿಲ್ಲ. 284 ಲೀಟರ್ ಅನ್ನಿ. ಇಪ್ಪತ್ತು ಕೊಡ ನೀರು ಅಂದರೆ ಇನ್ನೂ ಒಳ್ಳೆಯದು, ಸೊಂಟಕ್ಕೇ ಗೊತ್ತಾಗುತ್ತದೆ.

ಆಮೇಲೆ ಹನ್ನೆರಡು ಪೀಡೆಗಳು. ಒಂದೊಂದಕ್ಕೂ ಮೂರು ಸಾಲು: ಹೆಸರು, ಗುರುತು, ಉಪಾಯ. ಮದುವೆಮನೆಯಲ್ಲಿ ನೆಂಟರನ್ನು ಪರಿಚಯ ಮಾಡಿಸಿದ ಹಾಗಿದೆ. ಇವರು ಹೂವಿನಂಥ ಕಡಲಜೀವಿ ಐಪ್ಟೇಸಿಯಾ, ಇವರು ವರ್ಮೆಟಿಡ್ ಬಸವನಹುಳು, ಇವರು ಕೆಂಪು ಚುಕ್ಕಿಯ ಹೇನು. ಕೈಮುಗಿಯುತ್ತಾ ಮುಂದೆ ಹೋಗುತ್ತೇವೆ. ಊಟಕ್ಕೆ ಕೂರುವ ಹೊತ್ತಿಗೆ ಒಂದು ಮುಖವೂ ನೆನಪಿರುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ಏನಿದೆ ನೋಡಿ. ನಾಲ್ಕು ವರ್ಷ ಸಾಕಿದ ಆಕ್ರೊಪೋರ ಹವಳ ಬಣ್ಣ ಕಳೆದುಕೊಳ್ಳುತ್ತಾ ಬಂತು. ಲೈಟು ಜಾಸ್ತಿಯಾಯಿತು ಅಂದುಕೊಂಡಿರಿ, ಕಡಿಮೆ ಮಾಡಿದಿರಿ. ಉಪ್ಪಿನ ಅಳತೆ ತಪ್ಪಿತು ಅಂದುಕೊಂಡಿರಿ, ಸರಿಮಾಡಿದಿರಿ. ಒಂದು ರಾತ್ರಿ ಸುಮ್ನೆ ಅನುಮಾನಕ್ಕೆ, ಅಡುಗೆಮನೆಯ ರಬ್ಬರ್ ಬುರುಡೆಯ ಪಿಚಕಾರಿ ತಂದು ಹವಳದ ಕೊಂಬೆಗೆ ನೀರು ಊದಿದಿರಿ. ಕೊಂಬೆಯಿಂದ ಏನೋ ಸುಲಿದು ಬಂತು. "ಈರುಳ್ಳಿಯ ಒಳಸಿಪ್ಪೆ ತೇಲಿದ ಹಾಗೆ" ಅಂತ ಬರೆದಿದ್ದೀರಿ. ಹವಳ ತಿನ್ನುವ ಆ ಚಪ್ಪಟೆ ಹುಳ ವಾರಗಟ್ಟಲೆ ನಿಮ್ಮ ಕಣ್ಣ ಮುಂದೆಯೇ ಇತ್ತು, ಕಂಡಿರಲಿಲ್ಲ. ತಿಂದ ಹವಳದ ಬಣ್ಣವೇ ಅದರ ಮೈಬಣ್ಣವಾದರೆ ಕಾಣುವುದು ಹೇಗೆ? ಹವಳವನ್ನು ಕಿತ್ತು ಔಷಧಿ ನೀರಿಗೆ ಅದ್ದಿದಿರಿ. ಬಕೆಟ್ಟಿನ ತಳದಲ್ಲಿ ಬಿದ್ದವನ್ನು ಎಣಿಸಿದಿರಿ, ಇಪ್ಪತ್ಮೂರು. ಗೆದ್ದೆ ಅಂದುಕೊಂಡು ವಾಪಸ್ ಇಟ್ಟಿರಿ. ಮೂರು ವಾರ ಕಳೆದ ಮೇಲೆ ಮತ್ತೆ ಹುಳ ತಿಂದ ಗುರುತಿನ ಬಿಳಿ ಬೊಟ್ಟುಗಳು. ಹವಳ ಉಳಿಯಲಿಲ್ಲ.

ಇಷ್ಟೆಲ್ಲ ಆದದ್ದು ಲೇಖನದಲ್ಲಿ ಏನಾಗಿದೆ ಗೊತ್ತಾ? "ಕೆಲವೊಮ್ಮೆ ಪೀಡೆಯು ಮರುಕಳಿಸುವ ಸಾಧ್ಯತೆ ಇರುತ್ತದೆ." ಒಂದೇ ಸಾಲು. ಸೋತ ಕಥೆಯನ್ನು ನೀವು ನನಗೆ ಖಾಸಗಿಯಾಗಿ ಹೇಳಿ, ಓದುಗರಿಂದ ಬಚ್ಚಿಟ್ಟಿದ್ದೀರಿ. ಅವರಿಗೆ ಬೇಕಾಗಿದ್ದೇ ಅದು.

ಯಾಕೆ ಮರುಕಳಿಸುತ್ತದೆ ಅನ್ನುವುದನ್ನು ನೀವು ವಿವರಿಸಿದ್ದೀರಿ, ಆದರೆ "ಅಂಡಸಮೂಹಗಳು ರಾಸಾಯನಿಕಗಳಿಗೆ ಪ್ರತಿರೋಧ ತೋರುತ್ತವೆ" ಎಂದು. ನಮ್ಮ ಮನೆಗಳಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಮಾತಿದೆ! ಹೇನು ಮತ್ತು ಸೀರು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಅಜ್ಜಿಯ ಮೊಣಕಾಲ ನಡುವೆ ತಲೆ ಕೊಟ್ಟು ಕೂತ ಯಾರಿಗಾದರೂ ಗೊತ್ತು, ಹೇನು ಹೆಕ್ಕಿದರೆ ಕೆಲಸ ಮುಗಿಯುವುದಿಲ್ಲ. ಸೀರು ಕೂದಲಿಗೆ ಕಚ್ಚಿಕೊಂಡೇ ಇರುತ್ತದೆ, ಎಣ್ಣೆಗೂ ಬಗ್ಗುವುದಿಲ್ಲ, ಸೀಗೆಪುಡಿಗೂ ಬಗ್ಗುವುದಿಲ್ಲ. ಅದಕ್ಕೇ ಮುಂದಿನ ಭಾನುವಾರ ಮತ್ತೆ ಅದೇ ಜಗಲಿ. ನಿಮ್ಮ ಚಪ್ಪಟೆ ಹುಳದ ಕಥೆಯೂ ಇದೇ. ಅದ್ದಿದರೆ ಹುಳ ಉದುರುತ್ತದೆ. ಹವಳದ ಬುಡದಲ್ಲಿ, ಜೀವವಿಲ್ಲದ ಬೋಳು ಜಾಗದಲ್ಲಿ, ಕಂದು ಬಣ್ಣದ ಸೀರು ಸಾಲಾಗಿ ಕೂತೇ ಇರುತ್ತದೆ. ನೀರು ಬೆಚ್ಚಗಿದ್ದರೆ ಬೇಗ ಒಡೆಯುತ್ತದೆ, ತಣ್ಣಗಿದ್ದರೆ ತಡ. ಹೆಚ್ಚುಕಡಿಮೆ ಎರಡು-ಮೂರು ವಾರದ ಲೆಕ್ಕ. ಹಾಗಾಗಿ ಮತ್ತೆ ಮತ್ತೆ ಅದ್ದಬೇಕು. ಸೀರು ಒಡೆದು ಮರಿ ಹೊರಬಂದಿರಬೇಕು, ಆ ಮರಿ ಬೆಳೆದು ಹೊಸ ಸೀರು ಇಟ್ಟಿರಬಾರದು. ಈ ನಡುವಿನ ಸಂದಿಯಲ್ಲಿ ನಿಮ್ಮ ಬಕೆಟ್ಟು ಬರಬೇಕು. ಕಣ್ಣಿಗೆ ಬಿದ್ದ ಸೀರನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು, ಇಲ್ಲವೇ ಆ ಬೋಳು ಬುಡವನ್ನೇ ಕತ್ತರಿಸಿ ಎಸೆಯಬೇಕು. ಅಷ್ಟೂ ವಾರ ಹವಳ ಬೇರೆ ತೊಟ್ಟಿಯಲ್ಲಿ ಇರಬೇಕು. ಕ್ವಾರಂಟೈನ್ ಅನ್ನುವ ಮಾತನ್ನು 2020ರ ನಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಅಂದರೆ ಇದು ಔಷಧಿಯ ಕಥೆಗಿಂತ ಜಾಸ್ತಿ ದಿನ ಎಣಿಸುವ ಕಥೆ. ನಿಮ್ಮ ಪತ್ರದ ಕೊನೆಯಲ್ಲಿ ಅದು ಇದೆ: ಎರಡನೇ ಸಲ ಬುದ್ಧಿ ಕಲಿತು, ಊರಿಂದ ತರಿಸಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ಪ್ರತಿ ಬುಧವಾರಕ್ಕೂ ಮಗಳ ಕೈಲಿ ಕೆಂಪು ಗೀಟು ಹಾಕಿಸಿದಿರಿ. ಏಕಾದಶಿ, ಸಂಕಷ್ಟಿಗಳ ನಡುವೆ ಹವಳದ ಸ್ನಾನ. ಇಂಥದ್ದೊಂದು ಚಿತ್ರ ಕೈಲಿಟ್ಟುಕೊಂಡು "ಸಾಗರವು ಪ್ರಕೃತಿಯ" ಅಂತ ಶುರುಮಾಡುತ್ತಾರಾ? ಪಿಚಕಾರಿ ಊದಿದ ರಾತ್ರಿಯಿಂದ ಶುರುಮಾಡಿ. ಗೀಟಿನಿಂದ ಗೀಟಿಗೆ ನಡೆಯಿರಿ. ಹನ್ನೆರಡರಲ್ಲಿ ಒಂಬತ್ತು ಪೀಡೆಗಳನ್ನು ಕೈಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು.

ಈ ಹುಳದ ಬಗ್ಗೆ ನೀವು ಬಿಟ್ಟಿರುವ ಒಂದು ಸಂಗತಿ ಇದೆ. ಇದಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 2011ರಲ್ಲಿ. ಅದಕ್ಕೂ ಮೊದಲೇ ನಿಮ್ಮಂಥ ಸಾಕಣೆಗಾರರು ತಮ್ಮ ತೊಟ್ಟಿಗಳಲ್ಲಿ ಇದರ ಜೊತೆ ಗುದ್ದಾಡುತ್ತಿದ್ದರು. ನಿಜವಾದ ಸಮುದ್ರದಲ್ಲಿ ಇದು ಸಿಕ್ಕಿದ ಮೊದಲ ವರದಿ ಬಂದದ್ದು 2012ರಲ್ಲಿ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದ ಹತ್ತಿರ. ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಮೊದಲು, ಕಡಲಲ್ಲಿ ಆಮೇಲೆ. ಸಾಗರದ ವಿಸ್ಮಯ ಅಂತ ಬರೆಯಲೇಬೇಕು ಅನ್ನಿಸಿದರೆ ಇದನ್ನು ಬರೆಯಿರಿ.

ಇನ್ನು, ಒಂದು ಸಾಲಿಗೆ ನಾನು ಪೆನ್ನು ಎತ್ತದೆ ಗೀಟು ಎಳೆದಿದ್ದೇನೆ. "ಪೀಡೆ ಹೆಚ್ಚಾದ ಕಲ್ಲನ್ನು ಹತ್ತು ನಿಮಿಷ ಕುದಿಸಿದರೆ ಎಲ್ಲವೂ ನಾಶವಾಗುತ್ತದೆ." ಇದನ್ನು ಎಲ್ಲಿ ಓದಿದಿರೋ ಗೊತ್ತಿಲ್ಲ, ನೀವಂತೂ ಮಾಡಿಲ್ಲ ಅಂತ ನಂಬಿದ್ದೇನೆ. ತೊಟ್ಟಿಯೊಳಗಿನ ಕಲ್ಲಿನ ಮೇಲೆ ಪಾಲಿಥೋವದಂಥ ಜೊವಾಂಥಿಡ್ ಜಾತಿಯ ಹವಳ ಒಂದಿಷ್ಟು ಇದ್ದರೂ ಸಾಕು, ಅದರಲ್ಲಿ ಪಾಲಿಟಾಕ್ಸಿನ್ ಇರಬಹುದು. ಹವಾಯಿಯ ಪಾಲಿಥೋವದಿಂದ 1971ರಲ್ಲಿ ಬೇರ್ಪಡಿಸಿದ ವಿಷ ಅದು, ಜೀವಿಗಳು ತಯಾರಿಸುವ ವಿಷಗಳಲ್ಲೇ ಅತಿ ಘೋರವಾದವುಗಳಲ್ಲಿ ಒಂದು. ಕುದಿಸಿದರೆ ಹಾಳಾಗುವುದಿಲ್ಲ, ಆವಿಯ ಜೊತೆ ಮನೆಯೆಲ್ಲ ಹರಡುತ್ತದೆ. ಹೀಗೆ ಕಲ್ಲು ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ನಡೆದಿವೆ. ಭಾಷೆ ಕೆಟ್ಟರೆ ತಿದ್ದಬಹುದು, ಇಂಥ ಸಾಲು ಅಚ್ಚಾದರೆ ತಿದ್ದುವ ದಾರಿ ಇಲ್ಲ. ಇದನ್ನು ಬರೀ ತೆಗೆದುಹಾಕಬೇಡಿ. 'ಕಲ್ಲು ಕುದಿಸಲೇಬೇಡಿ' ಅಂತ ತಿರುಗಿಸಿ ಬರೆಯಿರಿ. ಕೈಗವಸು, ಕನ್ನಡಕದ ಮಾತೂ ಅಲ್ಲೇ ಬರಲಿ.

ಕೆಂಪು ಚುಕ್ಕಿಯ ಹೇನಿನ ಭಾಗದಲ್ಲೂ ಸ್ವಲ್ಪ ಇದೇ ತೊಂದರೆ. ಅರ್ಧ ಮಿಲಿಮೀಟರಿನ ಹಳದಿ ಜೀವಿ, ಮೈಮೇಲೆ ಒಂದು ಕೆಂಪು ಚುಕ್ಕಿ, ಭೂತಗನ್ನಡಿ ಹಿಡಿದರೆ ಕಂಡೀತು. ಅದಕ್ಕೆ ನಾಯಿಯ ಹೃದಯಹುಳುವಿಗೆ ಕೊಡುವ ಮಿಲ್ಬೆಮೈಸಿನ್ ಮಾತ್ರೆಯನ್ನು ಪುಡಿಮಾಡಿ ಹಾಕುತ್ತಾರೆ ಅನ್ನುವುದು ಎಂಥ ಸೊಗಸಾದ ವಿವರ! ಆದರೆ ನೀವು "ಮಾತ್ರೆ ಹಾಕಿ" ಅಂತ ನಿಲ್ಲಿಸಿಬಿಟ್ಟಿರಿ. ಆ ಹೇನು ಸಿಗಡಿ, ಏಡಿಗಳ ದಾಯಾದಿ. ಅದನ್ನು ಕೊಲ್ಲುವ ಮಾತ್ರೆ ತೊಟ್ಟಿಯಲ್ಲಿರುವ ಸಿಗಡಿ, ಏಡಿಗಳನ್ನೂ ಬಿಡುವುದಿಲ್ಲ. ಅವುಗಳನ್ನು ಮೊದಲು ಎತ್ತಿಡಬೇಕು ಅನ್ನುವ ಸಾಲು ಇಲ್ಲದಿದ್ದರೆ ಓದುಗರು ನಿಮಗಲ್ಲ, ನನಗೆ ಬೈಯುತ್ತಾರೆ.

ಬಿರುಗೂದಲ ಹುಳವನ್ನು ಪಟ್ಟಿಯಿಂದ ತೆಗೆಯಿರಿ. ಪಾಪ, ಅದರಲ್ಲಿ ಬಹುಪಾಲು ಕಸ ಗುಡಿಸುವ ಜಾತಿ. ಸತ್ತ ಹವಳದ ಮೇಲೆ ಕಂಡಿತು ಅಂದಮಾತ್ರಕ್ಕೆ ಕೊಂದದ್ದು ಅದೇ ಅಲ್ಲ. ಸಾವಿನ ಮನೆಗೆ ಬಂದವರ ಮೇಲೆಲ್ಲ ಕೇಸು ಹಾಕಿದ ಹಾಗಾಗುತ್ತದೆ.

ಐಪ್ಟೇಸಿಯಾ ಇರಲಿ. ಅದನ್ನು ಕಿತ್ತರೆ, ಚಿವುಟಿದರೆ, ಬುಡದ ಚೂರಿನಿಂದ ಮತ್ತೆ ಚಿಗುರುತ್ತದೆ ಅನ್ನುವುದಕ್ಕೆ ನೀವು ಗ್ರೀಕರ ಹೈಡ್ರಾವನ್ನು ಕರೆದಿದ್ದೀರಿ. ಮನೆಯಲ್ಲೇ ರಕ್ತಬೀಜಾಸುರ ಇದ್ದಾನಲ್ಲ ಮಾರಾಯರೇ. ನನ್ನ ಕೇಳಿದರೆ ಅವನೂ ಬೇಡ, ಗದ್ದೆಯ ಜೇಕು ಸಾಕು. ಗಡ್ಡೆ ಒಳಗೇ ಉಳಿಸಿ ಮೇಲಿನ ಹುಲ್ಲು ಕಿತ್ತವರಿಗೆಲ್ಲ ಇದು ತಕ್ಷಣ ಅರ್ಥವಾಗುತ್ತದೆ. ಐಪ್ಟೇಸಿಯಾವನ್ನು ಬಿಟ್ಟು ಬೇರೇನೂ ತಿನ್ನದ ಬರ್ಘಿಯ ಅನ್ನುವ ಪುಟ್ಟ ಕಡಲ ಗೊಂಡೆಹುಳದ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ತೊಟ್ಟಿ ಶುದ್ಧವಾದ ದಿನ ಅದಕ್ಕೆ ಉಪವಾಸ ಶುರು, ಆಗ ಅದನ್ನು ಇನ್ನೊಬ್ಬ ಸಾಕಣೆಗಾರರಿಗೆ ದಾಟಿಸುತ್ತಾರೆ. ಅದನ್ನು ಇಲ್ಲಿ ತುರುಕಬೇಡಿ, ಇನ್ನೊಂದು ಲೇಖನಕ್ಕೆ ಎತ್ತಿಡಿ.

ಭಾಷೆಯ ಬಗ್ಗೆ ಒಂದೇ ಮಾತು. "ಹವಳವನ್ನು ದ್ರಾವಣದಲ್ಲಿ ಮುಳುಗಿಸಲಾಗುತ್ತದೆ, ಅಲುಗಾಡಿಸಲಾಗುತ್ತದೆ, ತೊಳೆಯಲಾಗುತ್ತದೆ." ಯಾರು ಮುಳುಗಿಸುತ್ತಾರೆ? ನೀವೇ ಅಲ್ವಾ? ಹತ್ತು ಪುಟದಲ್ಲಿ ಇಂಥ 'ಲಾಗುತ್ತದೆ' ನಲವತ್ತೊಂದು ಇವೆ, ಕೂತು ಎಣಿಸಿದೆ. ಪತ್ರದಲ್ಲಿ ಒಂದೂ ಇಲ್ಲ. "ಅದ್ದಿದೆ, ಅಲ್ಲಾಡಿಸಿದೆ, ಎಣಿಸಿದೆ" ಅಂತಿದೆ. ಕನ್ನಡ ನಿಮಗೆ ಚೆನ್ನಾಗಿ ಬರುತ್ತದೆ. ಲೇಖನ ಅಂದ ಕೂಡಲೇ ಕೋಟು ಹಾಕಿಕೊಳ್ಳುತ್ತೀರಿ, ಅಷ್ಟೇ.

ಇಲ್ಲಿನ ಓದುಗರಿಗಾಗಿ ಎರಡು ಸಾಲು ಸೇರಿಸಲೇಬೇಕು. ನಿಮ್ಮೂರಲ್ಲಿ ಅಂಗಡಿಗೆ ಹೋಗಿ ಹವಳದ ತುಂಡು ಕೊಳ್ಳಬಹುದು. ಇಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿ ಇರುವ ಪಟ್ಟಿ ಅದು. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದವರು ನಿಮ್ಮ ಲೇಖನ ಓದಿ 'ಒಂದು ಚೂರು ತಂದು ಸಾಕಿದರೆ ಹೇಗೆ' ಅಂದುಕೊಳ್ಳಬಾರದು. ಕೊನೆಯಲ್ಲಿ ಎಚ್ಚರಿಕೆಯ ಡಬ್ಬಿ ಕಟ್ಟಿ ಹಾಕಬೇಡಿ, ಅದನ್ನು ಯಾರೂ ಓದುವುದಿಲ್ಲ. ಹವಳ ಎಲ್ಲಿಂದ ತಂದಿರಿ ಅನ್ನುವುದನ್ನು ಹೇಳುವಾಗಲೇ ಇದೂ ಬಂದುಹೋಗಲಿ.

1200 ಪದ ಮೀರದಿದ್ದರೆ ಒಳ್ಳೆಯದು. ಅವಸರವಿಲ್ಲ, ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ಬಣ್ಣಬಣ್ಣದ ತೊಟ್ಟಿಯ ಆರು ಫೋಟೋ ಕಳಿಸಿದ್ದೀರಿ, ಚೆನ್ನಾಗಿವೆ, ಒಂದು ಸಾಕು. ಹವಳದ ಬುಡದ ಸೀರಿನದ್ದು ಇದ್ದರೆ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ. ಆ ಕ್ಯಾಲೆಂಡರನ್ನು ಇನ್ನೂ ರದ್ದಿಗೆ ಹಾಕಿಲ್ಲದಿದ್ದರೆ ಬುಧವಾರದ ಗೀಟುಗಳಿರುವ ಹಾಳೆಯದ್ದೂ ಒಂದು ತೆಗೆಯಿರಿ. ಗೀಟು ಒಟ್ಟು ಎಷ್ಟಾದವು ಅಂತ ಪತ್ರದಲ್ಲೂ ಹೇಳಿಲ್ಲ ನೀವು.

ವಿಶ್ವಾಸದಿಂದ,
ಸಂಪಾದಕ