ಆಷಾಢದಲ್ಲಿ ಹಂಪಿ, ಮಾರ್ಚ್‌ನಲ್ಲಿ ಗೋಕರ್ಣ: ಓದುಗರ ಪ್ರವಾಸ ಪ್ರಶ್ನೆಗಳು

ಪ್ರಶ್ನೆ: ಕಳೆದ ದಸರಾ ರಜೆಯಲ್ಲಿ ಮಕ್ಕಳು, ಮೊಮ್ಮಕ್ಕಳೊಂದಿಗೆ ಹಂಪಿಗೆ ಹೋಗಿದ್ದೆವು. ವಿಜಯ ವಿಠ್ಠಲ ದೇವಾಲಯಕ್ಕೆ ಒಯ್ಯುವ ಬ್ಯಾಟರಿ ವಾಹನಕ್ಕಾಗಿ ಬಿಸಿಲಿನಲ್ಲಿ ಬಹಳ ಹೊತ್ತು ಸಾಲಿನಲ್ಲಿ ನಿಂತು, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಗುಂಪಿನ ನಡುವೆ ಏನನ್ನೂ ನೆಮ್ಮದಿಯಾಗಿ ನೋಡಲಾಗದೆ ಹಿಂದಿರುಗಿದೆವು. ಈ ಸಲ ನಾವಿಬ್ಬರೇ ಹೋಗಬೇಕೆಂದಿದ್ದೇವೆ. ನನ್ನ ಪತ್ನಿಗೆ ಮಂಡಿನೋವಿದೆ. ಆಷಾಢ ಮಾಸ ಆಗಬಹುದೇ, ಅಥವಾ ಮಳೆಗೆ ಸಿಕ್ಕಿಬೀಳುತ್ತೇವೆಯೇ?
– ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ಮಳೆಗಾಲವೆಂದ ಕೂಡಲೇ ಬೆಂಗಳೂರಿನವರ ಕಣ್ಣ ಮುಂದೆ ಬರುವುದು ಮಲೆನಾಡಿನ ಮಳೆ. ಹಂಪಿಯಾದರೋ ಘಟ್ಟದಿಂದ ದೂರ, ಮಳೆನೆರಳಿನಲ್ಲಿರುವ ಊರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಹೊಸಪೇಟೆಯ ಸುತ್ತಮುತ್ತ ಬೀಳುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಆಷಾಢದಲ್ಲಿ ಅಲ್ಲಿ ಮೋಡ, ಗಾಳಿ, ಆಗಾಗ ಒಂದು ಹನಿಮಳೆ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲೂ ಹಂಪಿಯಲ್ಲಿ ಜನ ಕಡಿಮೆಯೇ, ಆದರೆ ಹಗಲೆಲ್ಲ ಕಾದ ಬಂಡೆಗಳು ಸಂಜೆಯಾದರೂ ಆರುವುದಿಲ್ಲವಾದ್ದರಿಂದ ನಿಮ್ಮ ವಯಸ್ಸಿನವರಿಗೆ ಆ ಕಾಲವನ್ನು ನಾನು ಖಂಡಿತ ಹೇಳಲಾರೆ.

ಆಷಾಢದಲ್ಲಿ ಜನ ಬಾರದಿರುವುದಕ್ಕೆ ಕಾರಣ ಊರಿನಲ್ಲಿಲ್ಲ, ನಮ್ಮ ಪಂಚಾಂಗದಲ್ಲಿದೆ. ಶಾಲೆಗಳು ಆಗತಾನೆ ಆರಂಭವಾಗಿರುತ್ತವೆ, ಮದುವೆ ಮುಂಜಿಗಳು ನಡೆಯುವುದಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಿರುತ್ತಾರೆ. ಹೀಗೆ ನೋಡುವ ಜಾಗ ಚೆನ್ನಾಗಿದ್ದೂ ಜನ ಬೇರೆ ಕಾರಣಕ್ಕೆ ಮನೆಯಲ್ಲಿ ಉಳಿಯುವ ದಿನಗಳನ್ನೇ ಹುಡುಕಬೇಕು. ಮಂಗಳವಾರದ ರಾತ್ರಿ ರೈಲು ಹತ್ತಿದರೆ ಬುಧವಾರ ಬೆಳಿಗ್ಗೆ ಹೊಸಪೇಟೆಯಲ್ಲಿರುತ್ತೀರಿ. ವಾರದ ನಡುವೆ ಬ್ಯಾಟರಿ ವಾಹನದ ಸಾಲೂ ಚಿಕ್ಕದಾಗಿರುವುದರಿಂದ ನಿಮ್ಮ ಪತ್ನಿಯವರು ನಡೆಯುವುದು, ನಿಲ್ಲುವುದು ಎರಡೂ ತಪ್ಪುತ್ತವೆ. ಮಾತಂಗ ಬೆಟ್ಟವನ್ನು ಮಾತ್ರ ಹತ್ತಬೇಡಿ. ಒದ್ದೆ ಬಂಡೆ ಜಾರುತ್ತದೆ. ತುಂಗಭದ್ರಾ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪಗಳು ನಿಲ್ಲುತ್ತವೆ. ಕಲ್ಲುಕಂಬಗಳ ಮೇಲೆ ಹೊಳೆ ಹರಿಯುವುದನ್ನು ದಡದಲ್ಲಿ ನಿಂತು ನೋಡುವ ಭಾಗ್ಯ ಚಳಿಗಾಲದ ಪ್ರವಾಸಿಗರಿಗೆ ಇಲ್ಲ.

ಪ್ರಶ್ನೆ: ಜುಲೈನಲ್ಲಿ ಗೋಕರ್ಣದ ಕೋಣೆಗಳು ತೀರ ಕಡಿಮೆ ಬಾಡಿಗೆಗೆ ಸಿಗುತ್ತಿವೆ. ಎಂಟು ಮತ್ತು ಐದು ವರ್ಷದ ಮಕ್ಕಳಿಗೆ ಸಮುದ್ರ ತೋರಿಸಲು ಇದು ಒಳ್ಳೆಯ ಅವಕಾಶವಲ್ಲವೇ?
– ಗೃಹಿಣಿ, ಜಯನಗರ

ಉತ್ತರ: ಅಲ್ಲ. ಹಂಪಿಯಲ್ಲಿ ಬಾಡಿಗೆ ಇಳಿಯುವುದು ಜನ ಬಾರದ್ದರಿಂದ, ಗೋಕರ್ಣದಲ್ಲಿ ಇಳಿಯುವುದು ಸಮುದ್ರಕ್ಕೆ ಇಳಿಯಲಾಗದ್ದರಿಂದ. ಕಡಲನ್ನು ಬಲ್ಲ ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಮೀನು ಮರಿಮಾಡುವ ಕಾಲವೆಂದು ಸರ್ಕಾರವೇ ಅವುಗಳನ್ನು ನಿಲ್ಲಿಸುತ್ತದೆ, ಕಡಲಿನ ಅಬ್ಬರವೂ ಆಗಲೇ. ನೀರಿಗೆ ಇಳಿಯದಂತೆ ಮಕ್ಕಳನ್ನು ಮೂರು ದಿನ ಕೋಣೆಯಲ್ಲಿ ತಡೆದಿಡುವುದು ಅವರಿಗೂ ಶಿಕ್ಷೆ, ನಿಮಗೂ ಶಿಕ್ಷೆ. ದಾರಿಯಲ್ಲಿ ಘಟ್ಟದ ಗುಡ್ಡ ಕುಸಿದು ರಸ್ತೆ ಮುಚ್ಚುವ ಭಯವೂ ಇದೆ.

ಮಳೆ ಕಡಿಮೆಯಾದ ಮೇಲೆ, ದಸರೆಗೆ ಮುಂಚೆ ಬರುವ ಪಿತೃಪಕ್ಷ ಹೆಚ್ಚಿನ ಊರುಗಳಿಗೆ ಒಳ್ಳೆಯ ಕಾಲ. ಗೋಕರ್ಣಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಪಿತೃಕಾರ್ಯಕ್ಕೆಂದೇ ಅಲ್ಲಿಗೆ ದೂರದೂರದಿಂದ ಜನ ಬರುತ್ತಾರೆ. ನೀವು ಶಿವರಾತ್ರಿಯ ರಥೋತ್ಸವ ಮುಗಿಯುವವರೆಗೆ ಕಾದು, ಮಾರ್ಚ್‌ನಲ್ಲಿ ಹೋಗಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳಿರುವ ಮನೆಗಳು ಆಗ ಕದಲುವುದಿಲ್ಲ, ಕಡಲು ಶಾಂತವಾಗಿರುತ್ತದೆ. ನಿಮ್ಮ ಮಕ್ಕಳಿನ್ನೂ ಚಿಕ್ಕವರು. ಶಾಲೆಯಲ್ಲಿ ಎರಡು ದಿನ ರಜೆ ಕೇಳಲು ಸಂಕೋಚಪಡಬೇಡಿ. ಆದರೂ ಎಲ್ಲಿ ನೀರಿಗಿಳಿಯಬಹುದೆಂದು ದಡದ ಜೀವರಕ್ಷಕರನ್ನು ಕೇಳಿಯೇ ಇಳಿಯಿರಿ.

ಪ್ರಶ್ನೆ: ದಸರೆಯ ಗದ್ದಲವಿಲ್ಲದೆ ಮೈಸೂರನ್ನು ನೋಡಲು ಯಾವ ವಾರ ಹೊರಡಬೇಕು?
– ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ಉತ್ತರ: ವಾರಕ್ಕಿಂತ ದಿನ ಮುಖ್ಯ. ಮಂಗಳವಾರ ಮೃಗಾಲಯಕ್ಕೆ ರಜೆ. ಹಂಪಿಯಲ್ಲಿ ಜನವಿಲ್ಲದ ಆಷಾಢದಲ್ಲಿಯೇ ಚಾಮುಂಡಿ ಬೆಟ್ಟದಲ್ಲಿ ಪ್ರತಿ ಶುಕ್ರವಾರ ಜನಸಾಗರ ಸೇರುತ್ತದೆ. ಬುಧವಾರ ಹೊರಟು ಗುರುವಾರ ಸಂಜೆ ಹಿಂದಿರುಗಿ. ಅರಮನೆಯ ಪೂರ್ಣ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಇರುವುದರಿಂದ ಅದೊಂದು ನಿಮಗೆ ತಪ್ಪುತ್ತದೆ. ಅದು ಬೇಕೇಬೇಕೆಂದಾದರೆ ಭಾನುವಾರ ಸಂಜೆ ದೀಪ ನೋಡಿ ಅಲ್ಲಿಯೇ ಉಳಿದು, ಅರಮನೆಯ ಒಳಗಿನ ಭಾಗವನ್ನು ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನೋಡಿ.